ಬಿಟ್ಟುಕೊಟ್ಟ ಹಗ್ಗ

ವಿನಯ ದೊಡ್ಡ ಗುಣ, ಒಪ್ಪುತ್ತೇನೆ. ಆದರೆ ವಿನಯದಿಂದ ನಡೆಯುವಾಗ ನಾಲ್ಕು ಜನ ನೋಡದಿದ್ದರೆ ನನಗೆ ನಡೆದ ಹಾಗೇ ಅನ್ನಿಸುವುದಿಲ್ಲ. ನಮ್ಮೂರು ಮರಕ್ಕಡವಿನ ಚರ್ಚಿನ ಹಗ್ಗಜಗ್ಗಾಟದ ತಂಡದಲ್ಲಿ ಕಟ್ಟಕಡೆಯ ಆಳು ನಾನು. ಹಗ್ಗವನ್ನು ಮೈಗೆ ಸುತ್ತಿಕೊಂಡು, ಹಿಮ್ಮಡಿಯನ್ನು ಮಣ್ಣಿಗೆ ಊರಿ ಹಿಂದಕ್ಕೆ ವಾಲುವವನು. ಮುಂದಿನವರೆಲ್ಲ ಜಾರಿದರೂ ಇವನು ಜಾರಬಾರದು. ನಾನು ಜಾರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು, ಏಕೆಂದರೆ ಎಲ್ಲರಿಗೂ ನಾನೇ ಹೇಳಿದ್ದೆ. ಕಲ್ಪೆಟ್ಟದ ಬಸ್ಸಿನಲ್ಲಿ ಪಕ್ಕದವರಿಗೆ ಅಂಗೈಯ ಜಡ್ಡು ತೋರಿಸಿದ್ದೂ ಉಂಟು. ಪಾಪ, ಅವರು ಯಾವುದೋ ಮುಲಾಮಿನ ಹೆಸರು ಹೇಳಿದರು.

ಹೋದ ವರ್ಷ ಚರ್ಚಿನ ಹಬ್ಬ ಹತ್ತಿರವಾದಾಗ ಅಚ್ಚನ್, ಎಂದರೆ ನಮ್ಮ ಪಾದ್ರಿಗಳು, “ಆಟಗಾರನಿಗೂ ವಿನಯ ಬೇಕು, ಮೈಯ ಬಲ ದೇವರು ಕೊಟ್ಟದ್ದು” ಎಂದು ಪ್ರಸಂಗ ಮಾಡುತ್ತ ನನ್ನ ಕಡೆಗೇ ನೋಡಿದರು. ಹೆಂಡತಿ ಮೇರಿಯೂ ನೋಡಿದಳು. ಎಲಾ! ಮಾಡಿಯೇ ತೋರಿಸೋಣ ಅಂದುಕೊಂಡೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆಯಲಿಲ್ಲವೇ? ನಾನು ನನ್ನ ಜಾಗ ಬಿಟ್ಟುಕೊಡುತ್ತೇನೆ ಅನ್ನುವುದು. ನೀವಿಲ್ಲದೆ ಆಗುತ್ತದೆಯೇ ಎಂದು ಎಲ್ಲರೂ ಕೈಹಿಡಿದು ಕೇಳುವುದು. ಆಮೇಲೆ ನಾನು ದೊಡ್ಡ ಮನಸ್ಸು ಮಾಡಿ ಒಪ್ಪುವುದು. ವಿನಯಕ್ಕೆ ವಿನಯವೂ ಆಯಿತು, ಜಾಗವೂ ಉಳಿಯಿತು.

ಕಬಿನಿ ದಂಡೆಯಲ್ಲಿ ಅಭ್ಯಾಸ ಮುಗಿದ ಮೇಲೆ ತಂಡದ ನಾಯಕ ಬಿಜುವನ್ನು ಕರೆದು, “ಈ ಸಲ ನನ್ ಜಾಗಕ್ಕೆ ಬೇರೆಯವ್ರನ್ನ ನಿಲ್ಸಪ್ಪ. ನಾನು ಹೊರಗೆ ನಿಂತು ಪ್ರಾರ್ಥನೆ ಮಾಡ್ತೀನಿ” ಅಂದೆ.

“ಅಯ್ಯೋ ಚೇಟ್ಟಾ, ನನ್ ಅಣ್ಣಾ, ದೇವ್ರು ಬಂದಂಗೆ ಬಂದ್ರಿ!” ಎಂದು ಬಿಜು ನನ್ನ ಎರಡೂ ಕೈ ಹಿಡಿದುಕೊಂಡ. “ನಮ್ ತೂಕ ಮೀರ್ತಾ ಅದೆ. ಎಲ್ಲಾ ನಿಮ್ ಹೊಟ್ಟೇದೇ ತೊಂದ್ರೆ. ನಿಮಗೆ ಹೆಂಗಪ್ಪಾ ಹೇಳಾದು ಅಂತ ನಾವೇ ಒದ್ದಾಡ್ತಿದ್ವು.”

ನಮ್ಮ ಆಟದಲ್ಲಿ ಇಡೀ ತಂಡದ ತೂಕ ಒಟ್ಟಾಗಿ ಇಷ್ಟೇ ಇರಬೇಕೆಂದು ಕಟ್ಟಳೆ. ಮೇರಿ ಮಾಡುವ ಕಪ್ಪ, ಅಂದರೆ ಮರಗೆಣಸು, ಬೀಫ್ ಫ್ರೈ ಇವು ಆ ಕಟ್ಟಳೆಗೆ ಬಗ್ಗುವಂಥವಲ್ಲ. ನಾನು ನಕ್ಕೆ. ಹೇಗೆ ನಕ್ಕೆನೋ ಆ ಕರ್ತನಿಗೇ ಗೊತ್ತು.

ಹಬ್ಬದ ದಿನ ಕೈಕಟ್ಟಿ ಹೊರಗೆ ನಿಂತೆ. ಹೇಳಿದಂತೆ ಪ್ರಾರ್ಥನೆಯನ್ನೂ ಮಾಡಿದೆ: ಸ್ವಾಮಿ, ನನ್ನ ಜಾಗದಲ್ಲಿ ನಿಂತವನು ಒಂದೇ ಒಂದು ಸಲ ಜಾರಲಿ. ಅವನು ಜಾರಲಿಲ್ಲ. ನಮ್ಮವರು ಗೆದ್ದು ಬಹುಮಾನದ ನೇಂದ್ರ ಬಾಳೆಗೊನೆ ಹೊತ್ತು ಕುಣಿದರು. ಅಚ್ಚನ್ ಮೈಕಿನಲ್ಲಿ, “ತಂಡ ಗೆಲ್ಲಲಿ ಎಂದು ಸ್ವಂತ ಜಾಗ ಬಿಟ್ಟ ನಮ್ಮ ಅಂತೋಣಿಯನ್ನು ನೋಡಿ” ಅಂದರು. ಚಪ್ಪಾಳೆಯೋ ಚಪ್ಪಾಳೆ. ನಾನು ತಲೆ ತಗ್ಗಿಸಿದೆ. ಮೇರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಈ ವರ್ಷ ಕಪ್ಪ ಬಿಟ್ಟೆ, ಬೀಫ್ ಬಿಟ್ಟೆ, ಬೆಳಿಗ್ಗೆ ಎದ್ದು ಓಡಿದೆ. ಹೊಟ್ಟೆ ಇಳಿಯಿತು. ಬಾವಿಯ ಹಗ್ಗ ಕಂಡರೂ ಹಿಡಿದು ಹಿಂದಕ್ಕೆ ವಾಲಿದೆ.

“ಹೋಗಿ ಕೇಳಿ. ನಂಗೆ ಆಸೆ ಅದೆ, ಜಾಗ ಕೊಡ್ರಪ್ಪ ಅನ್ನಿ. ಬಾಯೇನು ಬಿದ್ದೋಗ್ತದಾ?” ಅಂದಳು ಮೇರಿ.

ಹೋದೆ. ಕಬಿನಿ ದಂಡೆಯಲ್ಲಿ ಅಭ್ಯಾಸ ನಡೆದಿತ್ತು; ಬಿಜು ನನ್ನನ್ನು ಕಂಡವನೇ ಕುರ್ಚಿ ತಂದು ಹಾಕಿದ. “ಕೂತ್ಕಳಿ ಚೇಟ್ಟಾ. ವೇದಪಾಠದಾಗೆ ಅಚ್ಚನ್ ಮಕ್ಕಳಿಗೆಲ್ಲಾ ನಿಮ್ ಕತೇನೇ ಹೇಳ್ತಾ ಅವ್ರೆ. ನಮ್ ಕಟ್ಟಕಡೇ ಆಳು ಕಾಲು ಉಳುಕಿಸ್ಕಂಡು ಮಲಗವ್ನೆ. ನಿಮ್ಮನ್ನೇ ಕೇಳಾಣ ಅಂದ್ಕಂಡ್ವಿ. ಅಷ್ಟು ದೊಡ್ಡ ಮನಸ್ಸಿನಿಂದ ಬಿಟ್ಟವ್ರನ್ನ ತಿರುಗಾ ಎಳೆಯೋದು ಮರ್ಯಾದೆ ಅಲ್ಲ ಅಂತ ಬೇರೆಯವ್ನನ್ನ ನಿಲ್ಸಿದ್ವಿ. ಅಲ್ವಾ ಚೇಟ್ಟಾ?”

ಅಲ್ಲ ಅಂದಿದ್ದರೆ ಸಾಕಿತ್ತು. “ಹೌದು ಹೌದು, ಸುಮ್ನೆ ನೋಡಾಣ ಅಂತ ಬಂದೆ” ಅಂದು ಕುರ್ಚಿಯಲ್ಲಿ ಕೂತೆ. ಎದುರಿಗೆ ಹಗ್ಗ ಬಿಗಿಯಾಯಿತು. ನನ್ನ ಹಿಮ್ಮಡಿಗಳು ತಾವಾಗಿಯೇ ಮರಳಿಗೆ ಇಳಿದವು. ಜಾಗ ಬಿಟ್ಟುಕೊಡುವಷ್ಟು ವಿನಯ ನನಗಿದೆ ಎಂದು ಇಡೀ ಊರೇ ನಂಬಿದೆ. ಅದೇ ಜಾಗವನ್ನು ಬಾಯಿಬಿಟ್ಟು ಕೇಳುವಷ್ಟು ವಿನಯ ಮಾತ್ರ ಇನ್ನೂ ಬಂದಿಲ್ಲ.