ಐದು ನಿಮಿಷದ ವಿಮಾನ, ಒಂದು ಬಟ್ಟಲು ಸಾರು

ತೆಂಕು ದ್ವೀಪದಿಂದ ಬಡಗು ದ್ವೀಪಕ್ಕೆ ವಿಮಾನದಲ್ಲಿ ಇಪ್ಪತ್ತು ನಿಮಿಷ ಅಂತ ವೇಳಾಪಟ್ಟಿಯಲ್ಲಿ ಅಚ್ಚಾಗಿತ್ತು. ಸಕ್ಕರೆ ಕಾರ್ಖಾನೆಯ ಅಸಾನುಮ ಅದನ್ನು ನಂಬಿ ಕೆಟ್ಟ.

ಕಾರ್ಖಾನೆಯ ಅಡುಗೆಮನೆಯಲ್ಲಿದ್ದ ಚಿನಾತ್ಸು ಅವತ್ತು ಊರು ಬಿಡುವವಳಿದ್ದಳು. ಬಡಗು ದ್ವೀಪದಲ್ಲಿ ಅವಳದೇ ಒಂದು ಊಟದಂಗಡಿ ಶುರುವಾಗಲಿತ್ತು. ಅವಳನ್ನು ಮದುವೆಗೆ ಕೇಳಲು ಅಸಾನುಮನಿಗೆ ಎರಡು ವರ್ಷದಿಂದ ನಾಲಿಗೆಯೇ ಏಳುತ್ತಿರಲಿಲ್ಲ. ಕೊನೆಗೆ ರಜೆ ಹಾಕಿ, ವಿಮಾನದಲ್ಲಿ ಅವಳ ಪಕ್ಕದ ಸೀಟು ಹಿಡಿದ. ಅಲ್ಲಾದರೆ ಅವಳು ಎದ್ದು ಹೋಗುವ ಹಾಗಿಲ್ಲ, ತಾನೂ ಓಡಿಹೋಗುವ ಹಾಗಿಲ್ಲ. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಒಂದು ಭಾಷಣ ಬಾಯಿಪಾಠ ಮಾಡಿದ. ಮೊದಲು ಹವಾಮಾನ, ಆಮೇಲೆ ಕಬ್ಬಿನ ಫಸಲು, ತೀರಿಹೋದ ತಾಯಿ, ಕಟ್ಟಕಡೆಗೆ ಮದುವೆ.

ಹೊರಡುವ ದಿನ ಬೆಳಿಗ್ಗೆ ಕಾರ್ಖಾನೆಯ ಮೇಸ್ತ್ರಿ ಒಕುಯಾಮನ ಮುಂದೆ ಅದನ್ನು ಒಪ್ಪಿಸಿದ.

"ತಲೆ ಕೆಟ್ಟಿದೆಯೇನಯ್ಯಾ ನಿಂಗೆ?" ಅಂದ ಒಕುಯಾಮ. "ಆ ದ್ವೀಪ ಇಲ್ಲಿಂದ್ಲೇ ಕಾಣ್ತದೆ. ಬಾಗಿಲು ಹಾಕೋದು, ತೆಗೆಯೋದು ಎಲ್ಲಾ ಸೇರಿ ಇಪ್ಪತ್ತು. ಹಾರೋದು ಐದೇ ನಿಮಿಷ. ನೀನು ಕಬ್ಬಿಗೆ ಬರೋ ಹೊತ್ತಿಗೆ ಅವಳು ಚೀಲ ಎತ್ಕೊಂಡು ಹೋಗಿರ್ತಾಳೆ."

ಇಬ್ಬರೂ ಕೂತು ಹವಾಮಾನ ಕಿತ್ತರು, ಕಬ್ಬು ಕಡಿದರು. ತಾಯಿಯನ್ನು ಮಾತ್ರ ಉಳಿಸಿಕೊಂಡರು.

ನಿಲ್ದಾಣದ ಬೆಂಚಿನ ಮೇಲೆ ಅವನು ಗೊಣಗುತ್ತಿದ್ದದ್ದು ಅದೇ ವಿಮಾನಕ್ಕೆ ಕಾದಿದ್ದ ಕಮಾದೊ ಅಜ್ಜಿಯ ಕಿವಿಗೆ ಬಿತ್ತು. ಊರಿನ ಯಾವ ವಿಷಯವೂ ಆ ಕಿವಿಯನ್ನು ತಪ್ಪಿಸಿಕೊಂಡು ಹೋದದ್ದಿಲ್ಲ.

"ಮಗಾ, ಸತ್ತವರ ವಿಷಯ ಎತ್ತಿ ಯಾರಾದ್ರೂ ಹೆಣ್ಣು ಕೇಳ್ತಾರಾ? ನಮ್ಮ ಯಜಮಾನ್ರು ಕೇಳಿದ್ದು ಒಂದೇ ಮಾತು. 'ದಿನಾ ಬೆಳಿಗ್ಗೆ ನಂಗೆ ಮಿಸೊ ಸಾರು ಮಾಡ್ಕೊಡ್ತೀಯಾ?' ಅಂತ. ನಮ್ಮ ಕಡೆ ಅದರರ್ಥ ಮದುವೆ ಅಂತ ಗೊತ್ತಿಲ್ಲದ ಹೆಣ್ಣಿದಾಳಾ? ಅಷ್ಟು ಸಾಕು, ಹೋಗು."

ತಾಯಿಯೂ ಹೋದಳು.

ವಿಮಾನ ನೆಲ ಬಿಟ್ಟಿತು. ಮೇಲೇರುವಾಗಿನ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಅಸಾನುಮ ಕಣ್ಣು ಮುಚ್ಚಿಕೊಂಡು ಕಿರುಚಿದ: "ದಿನಾ ಬೆಳಿಗ್ಗೆ ನಂಗೆ ಮಿಸೊ ಸಾರು ಮಾಡ್ಕೊಡ್ತೀರಾ?"

ಇಡೀ ವಿಮಾನ ತಿರುಗಿ ನೋಡಿತು. ಚಿನಾತ್ಸುವಿನ ಮುಖ ಅರಳಿತು.

"ಅಯ್ಯೋ, ಖಂಡಿತ ಮಾಡ್ಕೊಡ್ತೀನಿ."

ಅಸಾನುಮನಿಗೆ ಸ್ವರ್ಗಕ್ಕೆ ಮೂರೇ ಗೇಣು.

"ನಿಮಗೆ ಬಡಗು ದ್ವೀಪಕ್ಕೆ ವರ್ಗ ಆಯ್ತಾ?" ಅಂದಳು ಅವಳು. "ಬೆಳಿಗ್ಗೆ ಹೊತ್ತು ಅಂಗಡಿಗೆ ಯಾರು ಬರ್ತಾರೋ ಅಂತ ಹೆದರಿದ್ದೆ. ನೀವೇ ನನ್ನ ಮೊದಲ ಗಿರಾಕಿ."

"ನಂಗೂ ಒಂದು ಬಟ್ಟಲು," ಅಂತ ಮುಂದಿನ ಸೀಟಿನಿಂದ ಒಂದು ದನಿ ಬಂತು. "ನಮ್ಮನೆಗೆ ಎರಡು," ಅಂತ ಇನ್ನೊಂದು. ಚಿನಾತ್ಸು ಬೆರಳು ಮಡಚಿ ಎಣಿಸತೊಡಗಿದಳು. ಅಸಾನುಮ ಸೀಟಿನಲ್ಲಿ ಕುಗ್ಗಿಹೋದ. ಇನ್ನೇನು ಇಳಿದುಬಿಡ್ತೀವಲ್ಲ ಅನ್ನುವುದೊಂದೇ ಅವನಿಗೆ ಉಳಿದಿದ್ದ ಸಮಾಧಾನ.

ಆಗ ಪೈಲಟ್ ಹೇಳಿದ: "ಕೆಳಗೆ ಮೋಡ ಕವಿದಿದೆ. ಮುಕ್ಕಾಲು ಗಂಟೆ ಇಲ್ಲೇ ಸುತ್ತು ಹಾಕಬೇಕಾಗುತ್ತೆ."

ಹವಾಮಾನ, ಕಬ್ಬು, ತಾಯಿ, ಮದುವೆ ಎಲ್ಲವನ್ನೂ ಎರಡೆರಡು ಸಲ ಹೇಳುವಷ್ಟು ಹೊತ್ತು. ಹಿಂದಿನ ಸೀಟಿನಿಂದ ಕಮಾದೊ ಅಜ್ಜಿ ಅವನ ಭುಜಕ್ಕೆ ತಿವಿದಳು. "ಬಿಡಿಸಿ ಹೇಳೋ, ಪೆದ್ದಾ."

ಚಿನಾತ್ಸು ಅವನ ಕಡೆ ತಿರುಗಿ ಕೂತಳು. "ಹೊತ್ತು ಹೋಗ್ಬೇಕಲ್ಲ ಅಸಾನುಮ ಅವ್ರೇ, ಏನಾದ್ರೂ ಮಾತಾಡಿ."

ಅಸಾನುಮ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

"ಸಾರಿಗೆ ತೋಫು ಹಾಕ್ತೀರಾ?" ಅಂದ.