ಘಂಟೆ ನಿಲ್ಲುವುದರೊಳಗೆ ಒಂದು ತತ್ತಿ

ನಮ್ಮ ಅತ್ತೆಯ ಮೂಗಿನ ಮುಂದೆ ಪೊಲೀಸ್ ನಾಯಿ ಏನೂ ಅಲ್ಲ. ನಾಯಿಗೆ ಮೊದಲು ಕಳ್ಳನ ಚಪ್ಪಲಿಯನ್ನಾದರೂ ಮೂಸಲು ಕೊಡಬೇಕು. ಅತ್ತೆಗೆ ಅದೂ ಬೇಡ. ಒಮ್ಮೆ ವಲಾಂಡಿಯಲ್ಲಿರುವ ಅವರ ತಮ್ಮನ ಮಗ, ನಿಲಂಗಾ ಬಸ್ ಸ್ಟ್ಯಾಂಡಿನಲ್ಲಿ ಆಮ್ಲೆಟ್ ತಿಂದು, ಮೇಲೆರಡು ಪಾನ್ ಜಗಿದು ನಮ್ಮ ಮನೆಗೆ ಬಂದ. ಅತ್ತೆ ಪಡಸಾಲೆಯಲ್ಲಿ ಕುಳಿತಲ್ಲಿಂದಲೇ ತಡೆದರು.

"ಅಲ್ಲೇ ನಿಂದರು. ಮೊದಲ ಜಳಕಾ, ಆಮ್ಯಾಲ ಚಾ."

"ಅತ್ಯಾ, ಎರಡ ಪಾನ ತಿಂದೀನಲ್ಲಾ?"

"ಅದಕ್ಕೇ ಗೊತ್ತಾತು. ಸುಮ್ಮಸುಮ್ಮಕ ಯಾರರೆ ಎರಡ ಪಾನ ತಿಂತಾರೇನ?"

ಲಿಂಗಪೂಜೆಯಾಗದೆ ಯಾರೂ ನೀರು ಸಹ ಮುಟ್ಟದ ಇಂಥ ಮನೆಯಲ್ಲಿ ನಾನು ತತ್ತಿ ಬೇಯಿಸಬೇಕಾಗಿ ಬಂತು. ನನಗಾಗ ಐದು ತಿಂಗಳು. ಹಿಂದೆ ಎರಡು ಸಲ ಬಸಿರು ನಿಂತಂತೆ ಮಾಡಿ ಹೋಗಿತ್ತು. ನಿಲಂಗಾದ ಡಾಕ್ಟರಬಾಯಿ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತವೇ ಇಲ್ಲವೆಂದು, ಮರಾಠಿಯಲ್ಲಿ "ರೋಜ್ ಏಕ ಅಂಡಂ", ದಿನಕ್ಕೊಂದು ತತ್ತಿ, ಎಂದು ಚೀಟಿಯಲ್ಲಿ ಬರೆದೇಬಿಟ್ಟರು. ನಮ್ಮನೆಯವರು ಅದನ್ನು ಎರಡು ಸಲ ಓದಿದರು.

"ತರೂದು ನಂದು, ಬೈಸ್ಕೊಳ್ಳೂದು ನಿಂದು."

ತಂದದ್ದು ಹೆಲ್ಮೆಟ್ಟಿನಲ್ಲಿ. ತಮ್ಮ ತಲೆಗೆ ಅದನ್ನು ಎಂದೂ ಹಾಕಿಕೊಂಡವರಲ್ಲ.

ಎಣ್ಣೆಯ ವಾಸನೆಗೆ ನನಗೆ ವಾಂತಿ. ಇಡಿಯಾಗಿ ಬೇಯಿಸಿದರೆ ಹಳದಿ ಗಂಟಲು ಇಳಿಯದು. ಕುದಿನೀರಿಗೇ ಒಡೆದು ಬಿಡಿ ಎಂದಿದ್ದಳು ಡಾಕ್ಟರಬಾಯಿಯ ನರ್ಸ್. ನಾನು ಓದಿದ ಕಾನ್ವೆಂಟಿನ ಸಿಸ್ಟರು ಹೀಗೆ ನೀರಲ್ಲಿ ಬೇಯಿಸಿದ ಪೋಚ್ಡ್ ಎಗ್ಗನ್ನು ಯಾವ ಫೋರ್ಕಿನಿಂದ ತಿನ್ನಬೇಕೆಂದು ಕಲಿಸಿದ್ದರು, ಮಾಡುವುದನ್ನು ಕಲಿಸಿರಲಿಲ್ಲ.

ಹಿತ್ತಲ ಮೋರಿಯ ಪಕ್ಕ ಹಳೆಯ ಸ್ಟೋವ್ ಇಟ್ಟುಕೊಂಡೆ. ಹೊತ್ತು, ಅತ್ತೆ ಪೂಜೆಗೆ ಕೂತಾಗ. ಕೊನೆಯಲ್ಲಿ ಅವರು ಒಂಬತ್ತೋ ಹತ್ತೋ ಬಾರಿ ಘಂಟೆ ಬಾರಿಸುತ್ತಾರೆ. ಘಂಟೆ ನಿಂತಿತೆಂದರೆ ಎದ್ದರೆಂದೇ ಲೆಕ್ಕ. ಮೊದಲ ದಿನ ತತ್ತಿ ಕುದಿನೀರಿಗೆ ಬಿದ್ದದ್ದೇ ಬಿಳಿಯದೆಲ್ಲ ಎಳೆಎಳೆಯಾಗಿ ಶಾವಿಗೆಯಾಯಿತು. ಒಳಗೆ ಘಂಟೆ ಶುರುವಾಯಿತು, ನಾನು ಎಲ್ಲವನ್ನೂ ಮೋರಿಗೆ ಸುರಿದೆ. ಎರಡನೆಯ ದಿನ ಅವಸರಕ್ಕೆ ತತ್ತಿ ಸಿಪ್ಪೆಯ ಸಮೇತ ಬಿತ್ತು. ಮೂರನೆಯ ದಿನ ಪಕ್ಕದ ಮನೆಯ ಕೋಳಿ ಗೋಡೆಯೇರಿ ನನ್ನನ್ನೇ ದಿಟ್ಟಿಸಿತು. ಎಷ್ಟು ಹೆದರಿದ್ದೆನೆಂದರೆ, ಅದರ ಕ್ಷಮೆ ಕೇಳುವುದರಲ್ಲಿ ಉರಿ ಮರೆತೆ, ತತ್ತಿ ಕಲ್ಲಾಯಿತು. ಅದೂ ಮೋರಿಗೆ.

ಮೂರು ತತ್ತಿ ಹೋದವು, ಹೊಟ್ಟೆಗೆ ಒಂದೂ ಇಲ್ಲ. ಕೂಸು ಸ್ವಲ್ಪ ಹೊತ್ತು ಮಿಸುಕದಿದ್ದರೂ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದೆ. ಅತ್ತೆಯ ಭಯ ಒಂದು ಕಡೆ. ಆ ಭಯದಲ್ಲಿ ಈ ಮೂರನೆಯ ಬಸಿರನ್ನೂ ಕಳೆದುಕೊಂಡರೆ ಎಂಬ ಭಯ ಇನ್ನೊಂದು ಕಡೆ.

ನಾಲ್ಕನೆಯ ದಿನ ಘಂಟೆಯೇ ಕೇಳಲಿಲ್ಲ. ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ. ಹಣೆಯಲ್ಲಿ ವಿಭೂತಿ, ಮೂಗಿನ ಮೇಲೆ ಸೆರಗು. ಪೂಜೆಯ ನಡುವೆ ಎಂದೂ ಎದ್ದವರಲ್ಲ. ನನ್ನ ಕೈಯ ಸೌಟು ಕೆಳಗೆ ಬಿತ್ತು.

"ಅತ್ತೀರಿ... ಡಾಕ್ಟರಬಾಯಿ..."

"ಗೊತ್ತದ. ಮೂರು ದಿನಾ ಆ ಮೋರಿ ಯಾರ ತೊಳದಾರಂತ ಮಾಡಿದಿ? ತೊಳದು ತೊಳದು ದಿನಾ ಎರಡೆರಡ ಜಳಕಾ ಆಗ್ಲತ್ತಾವ ನಂದು."

ಒಮ್ಮೆ ಪಾತ್ರೆಯತ್ತ ಇಣುಕಿ, ಮುಖ ಅತ್ತ ತಿರುಗಿಸಿಕೊಂಡರು.

"ಇಷ್ಟ ಉರಿ ಹಚ್ಚಿದ್ರ ನೀರಾಗ ಕಡಬರೆ ಉಳಿತಾವೇನ? ನೀರ ಸುಮ್ಮಗಾಗ್ಲಿ. ಮೊದಲ ಬಟ್ಟಲದಾಗ ಒಡಿ, ಆಮ್ಯಾಲ ಕಡಬು ನೀರಿಗೆ ಬಿಟ್ಟಾಂಗ ಮೆಲ್ಲಕ ಬಿಡು. ನಾ ಏನೂ ನೋಡಿಲ್ಲ."

ಹೊರಟೇಹೋದರು.

ಉರಿ ಸಣ್ಣ ಮಾಡಿದೆ. ಬಟ್ಟಲನ್ನು ನೀರಿಗೆ ತಾಗಿಸಿ ಮೆಲ್ಲಗೆ ಓರೆ ಮಾಡಿದೆ. ಬಿಳಿಯದು ತಾನಾಗಿ ಹಳದಿಯನ್ನು ಸುತ್ತಿಕೊಂಡಿತು, ಕೂಸಿಗೆ ಕುಂಚಿಗೆ ಹೊದಿಸಿದಂತೆ. ಅಷ್ಟರಲ್ಲಿ ಒಳಗೆ ಘಂಟೆ ಶುರುವಾಯಿತು. ತತ್ತಿಯನ್ನು ತಟ್ಟೆಗೆ ತೆಗೆದುಕೊಂಡೆ. ಒಂಬತ್ತು ಬಾರಿಯಾಯಿತು, ಹತ್ತು ಬಾರಿಯಾಯಿತು. ಘಂಟೆ ನಿಲ್ಲಲಿಲ್ಲ. ಮೊದಲ ತುತ್ತು ಬಾಯಿಗಿಟ್ಟೆ. ಇನ್ನೂ ಬಾರಿಸುತ್ತಲೇ ಇತ್ತು.

ಪಡಸಾಲೆಯಿಂದ ಮಾವನವರ ದನಿ: "ಏನ್ ಇದು, ಇವತ್ತ ಪೂಜಿನೇ ಮುಗಿವಲ್ದು?"

"ಜರಾ ತಡೀರಿ," ಎಂದರು ಅತ್ತೆ, ಘಂಟೆಯ ಕೈ ನಿಲ್ಲಿಸದೆ. "ಇನ್ನಾ ನೈವೇದ್ಯ ಆಗಿಲ್ಲ."