ಕೋಳಿಗೂಡಿನ ಚಿಲಕ

ಇಷ್ಟಕ್ಕೆಲ್ಲ ಕಾರಣ ಒಂದು ಚಿಲಕ.

ಅದೂ ಅಂತಿಂಥ ಚಿಲಕವಲ್ಲ. ಬಾಗಿಲು ಒಂಚೂರು ವಾಲಿದರೆ ಸಾಕು, ‘ಟಕ್’ ಎಂದು ತಾನಾಗಿ ಬಿದ್ದುಕೊಳ್ಳುತ್ತಿತ್ತು. ಬಿದ್ದ ಮೇಲೆ ಹೊರಗಿನಿಂದ ಕೀ ತಿರುಗಿಸಿದರೆ ಮಾತ್ರ ಬಿಡುಗಡೆ. ಒಳಗಿದ್ದವರು ತಿಪ್ಪರಲಾಗ ಹಾಕಿದರೂ ಅದು ಜಪ್ಪಯ್ಯ ಎನ್ನುತ್ತಿರಲಿಲ್ಲ. ಬೀಗ ರಿಪೇರಿ ಅಂಗಡಿಯ ಕೀಲಿಯಣ್ಣ ಅದನ್ನು ಮಾರುವುದಕ್ಕೆ ಮಾಡಿದ್ದಲ್ಲ, ತನ್ನ ಹಿತ್ತಲಿನ ಕೋಳಿಗೂಡಿಗೆ ಮಾಡಿದ್ದು. ಒಮ್ಮೆ ಮುಂಗುಸಿ ನುಗ್ಗಿ ಒಂದು ಕೋಳಿಯನ್ನು ಎಳೆದುಕೊಂಡು ಹೋದ ಮೇಲೆ, ಆಳೆತ್ತರದ ಕಬ್ಬಿಣದ ಚೌಕಟ್ಟು, ಬೆರಳೂ ತೂರದ ಜಾಲರಿ, ಬಾಗಿಲಿಗೆ ಈ ಚಿಲಕ ಎಂದು ಬ್ಯಾಂಕಿನ ತಿಜೋರಿಯೇ ನಾಚುವಂತೆ ಗೂಡು ಕಟ್ಟಿದ್ದ. ಒಳಗಿದ್ದ ಆಸ್ತಿ ಐದು ಕೋಳಿ.

ನಿನ್ನೆ ಆ ಚಿಲಕ ಹಾಲಿನವಳನ್ನು ಹಿಡಿದುಹಾಕಿತ್ತು. ಮನೆಯವರೆಲ್ಲ ಒಂದು ವಾರ ಸಮುದ್ರದ ದಡದಲ್ಲಿರುವ ಷಡ್ಡಕನ ಮನೆಗೆ ಮರುದಿನ ಹೊರಡುವವರಿದ್ದರು. ಅಷ್ಟು ದಿನ ಕೋಳಿ ನೋಡಿಕೊಳ್ಳಲು ಒಪ್ಪಿದ್ದ ಹಾಲಿನವಳು, ಅಭ್ಯಾಸವಾಗಲಿ ಎಂದು ಕಾಳಿನ ಡಬ್ಬ ಹಿಡಿದು ಒಳಗೆ ಹೋದಳು. ಟಕ್. ಹೆಂಡತಿ, ಮಗಳು ಪೇಟೆಗೆ ಹೋಗಿದ್ದರಿಂದ, ಕೀಲಿಯಣ್ಣ ಊಟಕ್ಕೆ ಮನೆಗೆ ಬರುವವರೆಗೂ ಅವಳು ಕೋಳಿಗಳ ಜೊತೆ ಅವು ಕೂರುವ ಕೋಲಿನ ಮೇಲೆ ಕೂತಿದ್ದಳು.

ಇವತ್ತು ಬೆಳಿಗ್ಗೆ ಬಂದವಳು ಹೊಸಿಲು ದಾಟಲಿಲ್ಲ.

“ಅಕ್ಕಾ, ಬೇಕಾದ್ರೆ ಹಾಲು ಎರಡು ಹೊತ್ತು ತಂದು ಹಾಕ್ತೀನಿ. ನಿಮ್ಮ ಜೈಲಿಗೆ ಮಾತ್ರ ನನ್ನ ಕರೀಬೇಡಿ. ಆ ಕರೀ ಕೋಳಿ ನನ್ನ ನೋಡಿದ ನೋಟ ಇದೆಯಲ್ಲ, ನಮ್ಮತ್ತೇನೂ ಹಾಗೆ ನೋಡಿಲ್ಲ.”

“ಹಾಲೇನೂ ಬೇಡ ಬಿಡು, ನಾವೇ ಇರಲ್ಲ ಒಂದು ವಾರ” ಎಂದು ಹೆಂಡತಿ ಅವಳನ್ನು ಕಳಿಸಿ, ಗಂಡನ ಕಡೆ ತಿರುಗಿದಳು. “ರೀ, ಆ ಚಿಲಕ ಕಿತ್ತು ಬಿಸಾಕಿ, ಒಂದು ಕೊಂಡಿ ಹಾಕಿ ಅಂತ ಬಡ್ಕೊಂಡೆ.”

“ಕೊಂಡಿನಾ? ಬೀಗದವನ ಮನೇಲಿ ಕೊಂಡಿನಾ? ನಾಲ್ಕು ಜನ ನಗಲ್ವಾ?”

“ಈಗೇನು ಅಳ್ತಿದ್ದಾರಾ? ನೋಡಿ, ಮಧ್ಯಾಹ್ನ ಭಾವ ಕಾರು ತರ್ತಾರೆ. ಅಷ್ಟರೊಳಗೆ ಯಾರನ್ನಾದ್ರೂ ಒಪ್ಪಿಸ್ಕೊಂಡು ಬನ್ನಿ. ಕಾಳು ಸುರಿದು ಹೋಗೋಣ ಅಂದ್ರೆ ಒಂದೇ ದಿನದಲ್ಲಿ ಕೆದರಿ ಮುಗಿಸ್ತಾವೆ, ನೀರಿನ ಬಟ್ಟಲು ಉರುಳಿಸ್ತಾವೆ. ಈ ಸಲಾನೂ ಹೋಗೋದು ತಪ್ಪಿದ್ರೆ ನಾನು...”

ತವರಿಗೆ ಹೋಗ್ತೀನಿ ಎನ್ನುವಂತಿರಲಿಲ್ಲ. ತವರೇ ಬಂದು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ನಡುಮನೆಯಲ್ಲಿ ಕೂತಿತ್ತು.

“ಅಳಿಯಂದ್ರೆ, ಸಾಯೋದ್ರೊಳಗೆ ಒಂದ್ಸಲ ಸಮುದ್ರ ನೋಡ್ಬೇಕು ಅಂತಿದ್ದೆ” ಎಂದಿತು ತವರು.

ಕೀಲಿಯಣ್ಣನಿಗೂ ಅದೇ ಆಸೆ. ಅಂಗಡಿ ತೆರೆದ ಮೇಲೆ ಒಂದು ದಿನವೂ ರಜೆ ಹಾಕಿದವನಲ್ಲ. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ದಡದ ಬಿಸಿಲಿಗೆಂದು ಅಗಲ ಅಂಚಿನ ಒಂದು ಹುಲ್ಲಿನ ಟೋಪಿಯನ್ನೂ ಕೊಂಡುತಂದು, ಮೂರು ದಿನದಿಂದ ಕನ್ನಡಿಯ ಮುಂದೆ ಹಾಕಿ ತೆಗೆದು ಮಾಡುತ್ತಿದ್ದ. ಈಗ ಅದನ್ನು ಸೂಟ್‌ಕೇಸಿನ ಮೇಲೆ ಜೋಪಾನವಾಗಿ ಇಟ್ಟು ಬೀದಿಗಿಳಿದ.

ಆ ಬೀದಿಯದೊಂದು ಪದ್ಧತಿ. ಯಾರೇ ಪರಸ್ಥಳಕ್ಕೆ ಹೊರಡಲಿ, ಮನೆ ಕೀ ಕೀಲಿಯಣ್ಣನ ಕೈಲಿಟ್ಟು ಹೋಗುತ್ತಿದ್ದರು. ಮನಸ್ಸು ಮಾಡಿದರೆ ಕೀ ಇಲ್ಲದೆಯೂ ತೆಗೆಯಬಲ್ಲವನ ಹತ್ತಿರ ಕೀ ಕೊಡುವುದೇ ವಾಸಿ ಎಂಬ ಲೆಕ್ಕಾಚಾರವೂ ಇದ್ದೀತು. ಕೀಲಿಯಣ್ಣನಿಗೂ ಅಪ್ಪ ಕಲಿಸಿದ ಒಂದು ನೇಮವಿತ್ತು: ಬೀಗದವನ ಕೈಗೆ ಬಂದ ಕೀ ಕೊಟ್ಟವರ ಕೈಗೇ ವಾಪಸ್ ಹೋಗಬೇಕು, ನಡುವೆ ಇನ್ನೊಂದು ಕೈ ಮುಟ್ಟಬಾರದು. ಮುಟ್ಟಿದರೆ ಅಂಗಡಿಗೆ ಅದೇ ಬೀಗ.

ಮೊದಲು ಪಕ್ಕದ ಮನೆ. ರಿಟೈರಾದ ಹೆಡ್ ಮಿಸ್ಸು. ನಾಲ್ಕನೇ ಕ್ಲಾಸಿನಲ್ಲಿ ಕೀಲಿಯಣ್ಣನಿಗೆ ಮಗ್ಗಿ ಹೇಳಿಕೊಟ್ಟವರು. ಇವನಿಗೆ ತಲೆಗೂದಲು ನೆರೆತರೂ ಅವರ ಮುಂದೆ ಕೈಗಳು ತಾವಾಗಿ ಎದೆಯ ಮೇಲೆ ಕಟ್ಟಿಕೊಳ್ಳುತ್ತಿದ್ದವು.

“ಬಾರೋ, ನಿನ್ನನ್ನೇ ಕರೆಸ್ಬೇಕು ಅಂತಿದ್ದೆ” ಎಂದರು ಮಿಸ್ಸು. ಗೇಟಿನ ಮುಂದೆ ಟ್ಯಾಕ್ಸಿ ಗುರ್ರೆನ್ನುತ್ತಿತ್ತು.

“ಮಿಸ್, ಒಂದು ಸಹಾಯ...”

“ಸಹಾಯ ಏನು ಬಂತು, ನಿನ್ನ ಕರ್ತವ್ಯ. ಮಗಳ ಮನೆಗೆ ಹೊರಟಿದ್ದೀನಿ. ಹಿಡಿ ಕೀ. ಬೆಕ್ಕಿಗೆ ಬೆಳಿಗ್ಗೆ ಹಾಲು, ಸಂಜೆ ಮೀನು. ಎಲ್ಲಿ, ಹೇಳು ನೋಡೋಣ?”

“ಮಿಸ್, ಅದೇನಂದ್ರೆ, ನಾವೂ ಇವತ್ತು...”

“ಕೇಳಿದ್ದಕ್ಕೆ ಮಾತ್ರ ಉತ್ತರ!”

“ಬೆಳಿಗ್ಗೆ ಹಾಲು, ಸಂಜೆ ಮೀನು, ಮಿಸ್.”

“ಜೋರಾಗಿ.”

“ಬೆಳಿಗ್ಗೆ ಹಾಲು! ಸಂಜೆ ಮೀನು!” ಎಂದು ಕೀಲಿಯಣ್ಣ ಬೀದಿಗೆಲ್ಲ ಕೇಳುವಂತೆ ಒಪ್ಪಿಸುವ ಹೊತ್ತಿಗೆ ಟ್ಯಾಕ್ಸಿ ಹೊರಟೇಹೋಯಿತು. ಕಿಟಕಿಯಲ್ಲಿ ಕೂತಿದ್ದ ಬೆಕ್ಕು ಅವನನ್ನು ಹೊಸ ಆಳನ್ನು ನೋಡುವಂತೆ ನೋಡಿತು.

ಮುಂದಿನದು ಕಟಿಂಗ್ ಶಾಪು. ಅಂಗಡಿಯವನು ಖಾಲಿ ಕುರ್ಚಿಯಲ್ಲಿ ಕೂತು ತನ್ನದೇ ಮೀಸೆ ತಿದ್ದಿಕೊಳ್ಳುತ್ತಿದ್ದ. ವಿಷಯ ಕೇಳಿದ್ದೇ ತಡ, ಎದ್ದು ನಿಂತ.

“ಕೋಳಿ ತಾನೇ ಅಣ್ಣಾ? ದಿನಾ ಎಂಥೆಂಥ ತಲೆ ಹಿಡಿಯೋ ಕೈ ಇದು. ಬನ್ನಿ, ತೋರಿಸಿ.”

ಕೀಲಿಯಣ್ಣನಿಗೆ ಹೋದ ಜೀವ ಬಂದಂತಾಯಿತು. ಹಿತ್ತಲಿಗೆ ಕರೆತಂದು, ಹಾಲಿನವಳ ಗತಿ ಇವನಿಗೂ ಬರದಿರಲಿ ಎಂದು ತಾನೂ ಜೊತೆಗೇ ಒಳಗೆ ಹೋದ. “ನೋಡು, ಇದು ನುಚ್ಚು, ಇದು ನೀರು. ಇದೊಂದೇ ಎಚ್ಚರ ಇರ್ಬೇಕಾದ್ದು, ಬಾಗಿಲಿಗೆ ಕಲ್ಲು ಕೊಡದೆ ಒಳಗೆ...”

ಟಕ್.

ಕೀ ಜೇಬಿನಲ್ಲೇ ಇತ್ತು. ಕೀ ಹಾಕುವ ತೂತು ಹೊರಗಿತ್ತು. ಜಾಲರಿಯಲ್ಲಿ ಕೈ ತೂರಿಸುವುದಿರಲಿ, ಕಿರುಬೆರಳೂ ಹೋಗದಂತೆ ಅವನೇ ನೋಡಿಕೊಂಡಿದ್ದ. ಒಂದು ಸಣ್ಣ ಗೂಡಿನಲ್ಲಿ ಇಬ್ಬರು ಗಂಡಸರು, ಐದು ಕೋಳಿ. ಆ ಐದರಲ್ಲಿ ಕರಿಯದಕ್ಕೆ ಮಗಳು ‘ಇನ್ಸ್‌ಪೆಕ್ಟರ್’ ಎಂದು ಹೆಸರಿಟ್ಟಿದ್ದಳು. ಇನ್ಸ್‌ಪೆಕ್ಟರ್ ನಿಧಾನವಾಗಿ ಕೋಲಿನಿಂದ ಇಳಿದು, ಹೊಸಬನ ಸುತ್ತ ಒಂದು ಸುತ್ತು ಬಂದು, ಬಲಗೈ ಹೆಬ್ಬೆರಳನ್ನು ಆರಿಸಿಕೊಂಡಿತು.

ಕೂಗಿಗೆ ಮಗಳು ಓಡಿಬಂದು, ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದ ಇನ್ನೊಂದು ಕೀ ತಂದು ಬಾಗಿಲು ತೆಗೆದಳು.

“ಹೆಬ್ಬೆರಳು!” ಎಂದು ಕಟಿಂಗ್ ಶಾಪಿನವನು ಬಟ್ಟೆ ಸುತ್ತಿಕೊಂಡು ಗೋಳಾಡಿದ. “ಇದು ಹೆಬ್ಬೆರಳಲ್ಲಣ್ಣಾ, ನನ್ನ ಅಂಗಡಿ! ಕತ್ತರಿ ಹೇಗೋ ಎಡಗೈಲಿ ಹಿಡಿದೇನು. ಬೆಳಿಗ್ಗೆ ಆ ಶಟರ್ ಯಾರು ಎತ್ತೋದು? ನಿಮ್ಮ ಕೋಳಿ ಬಂದು ಎತ್ತುತ್ತಾ?”

“ತಪ್ಪಾಯ್ತು ಮಾರಾಯ. ನಾನೇ...” ಎಂದು ಬಾಯಿಂದ ಜಾರಿತು.

“ನೀವೇ ಎತ್ತಿಕೊಡಿ. ವಾಸಿಯಾಗೋವರೆಗೆ. ನ್ಯಾಯ ಅಂದ್ರೆ ನ್ಯಾಯ!” ಎಂದು ಅವನು ಶಟರಿನ ಕೀಯನ್ನು ಕೀಲಿಯಣ್ಣನ ಜೇಬಿಗೇ ಇಳಿಬಿಟ್ಟು, ಬೆರಳನ್ನು ಬಾವುಟದಂತೆ ಎತ್ತಿ ಹಿಡಿದು ಹೊರಟುಹೋದ.

ಹೆಂಡತಿ ಅಡುಗೆಮನೆಯ ಕಿಟಕಿಯಿಂದಲೇ ಕೇಳಿದಳು: “ಒಪ್ಪಿದ್ನಾ?”

“ಇನ್ನೊಬ್ಬರನ್ನ ನೋಡ್ತೀನಿ” ಎಂದು ಕೀಲಿಯಣ್ಣ ಮತ್ತೆ ಬೀದಿ ಹಿಡಿದ.

ಮೂಲೆಯ ಬ್ಯಾಂಕಿನ ಮುಂದೆ ರಾತ್ರಿಪಾಳಿ ಮುಗಿಸಿದ ವಾಚ್‌ಮನ್ ಬೀಡಿ ಸೇದುತ್ತಿದ್ದ. ಕೇಳುವ ಮೊದಲೇ ಅವನಿಗೆ ಸುದ್ದಿ ತಲುಪಿತ್ತು. “ನಾನು ನೋಡ್ಕೋತೀನಿ ಸಾರ್. ದಿನಾ ಡ್ಯೂಟಿ ಬಿಟ್ಟು ಹೋಗೋ ದಾರೀಲೇ ಇದೆ ನಿಮ್ಮ ಹಿತ್ತಲು. ಕಾವಲು ನನ್ನ ಕಸುಬೇ ಅಲ್ವಾ?”

“ದೇವರು ಬಂದಂಗೆ ಬಂದ್ರಿ!”

“ಒಂದೊಂದು ಎಷ್ಟು ತೂಕ ಬರ್ತಾವೆ ಸಾರ್?”

“ತೂಕ ಯಾಕೆ?”

“ಸುಮ್ನೆ. ಮತ್ತೆ ಒಂದು ಮಾತು. ಐದೂ ಇದ್ದೇ ಇರ್ಬೇಕಾ, ಇಲ್ಲಾ ಒಂದು ಅಂದಾಜಿಗೆ ಇದ್ರೆ ಸಾಕಾ?”

ಕೀಲಿಯಣ್ಣ ಹಿಂದಕ್ಕೆ ಹೆಜ್ಜೆ ಇಟ್ಟ. ಬಿಸಿಲು ನೆತ್ತಿಗೆ ಬರುತ್ತಿತ್ತು. ಉಳಿದದ್ದು ಟೈಲರಮ್ಮ ಒಬ್ಬಳೇ. ಒಳ್ಳೆಯ ಹೆಂಗಸು, ಅವಳ ಅಂಗಳದಲ್ಲಿ ಐವತ್ತು ಕುಂಡ, ಒಂದರಲ್ಲೂ ಬಾಡಿದ ಎಲೆಯಿಲ್ಲ. ಗಿಡವನ್ನೇ ಹೀಗೆ ಸಾಕುವವಳು ಕೋಳಿಯನ್ನು ಬಿಟ್ಟಾಳೆಯೇ?

“ಅಯ್ಯೋ, ಅದಕ್ಕೇನಣ್ಣಾ, ಧಾರಾಳವಾಗಿ!” ಎಂದಳು ಟೈಲರಮ್ಮ ಸ್ಕೂಟರಿಗೆ ಚೀಲ ಸಿಕ್ಕಿಸುತ್ತ. “ಒಂದೇ ಒಂದು ಚೂರು. ನಾನು ಈಗ ತಂಗಿ ಮನೆಗೆ ಹೊರಟೆ, ಅವಳಿಗೆ ಹುಷಾರಿಲ್ಲ. ಎರಡು ದಿನ ನೀವು ನನ್ನ ಗಿಡಕ್ಕೆ ನೀರು ಹಾಕಿ. ಬಂದ ಮೇಲೆ ವಾರವೆಲ್ಲ ನಿಮ್ಮ ಕೋಳಿ ನನ್ನ ಜವಾಬ್ದಾರಿ. ಸರಿನಾ?”

“ಸರಿಯಮ್ಮಾ, ಎಷ್ಟು ಉಪಕಾರವಾಯ್ತು!” ಕೀಲಿಯಣ್ಣ ಎರಡೂ ಕೈ ಒಡ್ಡಿ ಕೀ ತೆಗೆದುಕೊಂಡ. ಯಾವುದೋ ಹಾಡು ಗುನುಗುತ್ತ ಹಾಲಿನ ಬೂತಿನವರೆಗೂ ನಡೆದ. ಅಲ್ಲಿ ಹಾಡು ನಿಂತಿತು. ಆ ಎರಡು ದಿನ ತಾನು ಎಲ್ಲಿರುತ್ತೇನೆ?

ತಿರುಗಿ ಓಡಿದ. “ಟೈಲರಮ್ಮಾ! ಏ ಟೈಲರಮ್ಮಾ!” ಸ್ಕೂಟರು ತಿರುವು ದಾಟಿ, ಬರೀ ಹೊಗೆ ಉಳಿದಿತ್ತು.

ಕೇಳಲು ಹೋದದ್ದು ಒಂದು ಉಪಕಾರ, ಕಟ್ಟಿಕೊಂಡು ಬಂದದ್ದು ಮೂರು. ಜೇಬಿನಲ್ಲಿ ಕೀಗಳು ಹಸುವಿನ ಕೊರಳ ಗಂಟೆಯಂತೆ ಸದ್ದು ಮಾಡುತ್ತಿದ್ದವು. ಹೆಂಡತಿಗೆ ಏನು ಹೇಳುವುದೆಂದು ಮಾತು ಜೋಡಿಸುತ್ತ ಕೀಲಿಯಣ್ಣ ಮನೆ ತಿರುವಿಗೆ ಬಂದರೆ, ಬಾಗಿಲಲ್ಲಿ ಆಗಲೇ ಷಡ್ಡಕನ ಕಾರು. ಮುಂದೆ ಅತ್ತೆ, ಹಿಂದೆ ಮಗಳು. ಹೆಂಡತಿಯ ಮುಖದಲ್ಲಿ ವರ್ಷಗಳಿಂದ ಕಾಣದ ನಗು.

“ರೀ, ಎಲ್ಲಾ ಸರಿಹೋಯ್ತು! ಭಾವ ಬಂದವರೇ ‘ಇಷ್ಟೇನಾ? ನಮ್ಮನೆ ಹಿಂದೆ ಹಳೇ ಗೂಡು ಖಾಲಿ ಬಿದ್ದಿದೆ, ಅವನ್ನೂ ಕರ್ಕೊಂಡು ಬನ್ನಿ’ ಅಂದ್ರು. ನೀವು ಬೆಳಿಗ್ಗೆಯಿಂದ ಬೀದಿ ಸುತ್ತಿದ್ದೇ ಬಂತು.”

ಹಿಂದಿನ ಸೀಟಿನಲ್ಲಿ, ಮಗಳ ಪಕ್ಕ, ಕೀಲಿಯಣ್ಣ ಕೂರಬೇಕಾದ ಜಾಗದಲ್ಲಿ ದೊಡ್ಡ ಬಿದಿರಿನ ಪಂಜರ ಕೂತಿತ್ತು. ಇನ್ಸ್‌ಪೆಕ್ಟರ್ ಕತ್ತು ಹೊರಗೆ ಚಾಚಿ ಬೀದಿಯನ್ನು ಪರಿಶೀಲಿಸುತ್ತಿತ್ತು.

“ಡಿಕ್ಕಿಗೆ ಹಾಕಿದ್ರೆ?” ಎಂದ ಕೀಲಿಯಣ್ಣ.

“ಡಿಕ್ಕೀಲಿ ಉಸಿರು ಕಟ್ಟಲ್ವಾ ಅಪ್ಪಾ!” ಎಂದು ಮಗಳು ಕಿರುಚಿದಳು.

“ನೀವು ಹಿಂದೆ ಬಸ್ಸಿಗೆ ಬಂದ್ಬಿಡಿ” ಎಂದ ಷಡ್ಡಕ. “ಸಂಜೆಗೆಲ್ಲ ಅಲ್ಲಿರ್ತೀರಿ. ಏನದು ಜೇಬಲ್ಲಿ ಗಲಗಲ?”

ಕೀಲಿಯಣ್ಣ ಒಂದೊಂದಾಗಿ ತೆಗೆದು ತೋರಿಸಿದ. ಬೆಕ್ಕು. ಶಟರು. ಐವತ್ತು ಕುಂಡ.

ಹೆಂಡತಿಯ ನಗು ಹೋಯಿತು, ಆದರೆ ಹೊರಡುವುದು ನಿಲ್ಲಲಿಲ್ಲ. “ಕೋಳಿ ಕಾಯೋರನ್ನ ಕರ್ಕೊಂಡು ಬನ್ನಿ ಅಂದ್ರೆ, ನೀವೇ ಬೀದಿ ಕಾಯೋರಾಗಿ ಬಂದ್ರಲ್ಲ! ಹೋಗಲಿ, ಯಾರ ಕೈಲಾದ್ರೂ ಕೀ ಕೊಟ್ಟು ಬರೋಕಾಗಲ್ವಾ?... ಆಗಲ್ಲ. ಗೊತ್ತು. ನಿಮ್ಮಪ್ಪ.” ಅವಳು ಬಾಗಿಲು ಹಾಕಿಕೊಂಡಳು. “ಅನ್ನ ಮಾಡಿಟ್ಟಿದ್ದೀನಿ.”

“ಅಳಿಯಂದ್ರೆ, ನಿಮ್ಮ ಪರವಾಗಿ ನಾನೇ ನೋಡ್ಕೊಂಡು ಬರ್ತೀನಿ ಬಿಡಿ ಸಮುದ್ರಾನ” ಎಂದರು ಅತ್ತೆ, ಸಮಾಧಾನಕ್ಕೆ.

ಕಾರು ಹೋಯಿತು. ಟೋಪಿಯೂ ಸೂಟ್‌ಕೇಸಿನ ಜೊತೆ ಹೋಯಿತು.

ಸಂಜೆಯ ಹೊತ್ತಿಗೆ ಕೀಲಿಯಣ್ಣ ಐವತ್ತು ಕುಂಡಕ್ಕೆ ನೀರು ಹೊತ್ತು, ಸೊಂಟ ಹಿಡಿದುಕೊಂಡು, ಮೀನು ತಂದು ಮಿಸ್ಸಿನ ಮನೆ ಬಾಗಿಲು ತೆರೆದ. ಬೆಕ್ಕು ಮೀನನ್ನು ಮೂಸಿಯೂ ನೋಡದೆ ಕಾಲಸಂದಿಯಲ್ಲಿ ನುಸುಳಿ, ಗೋಡೆ ಹಾರಿ, ನೇರ ಅವನದೇ ಹಿತ್ತಲಿಗೆ ಹೋಯಿತು. ಹೆಂಡತಿ ಕೋಳಿ ಹಿಡಿಯುವಾಗ ಬಾಗಿಲಿಗೆ ಕೊಟ್ಟಿದ್ದ ಕಲ್ಲು ಹಾಗೇ ಇತ್ತು. ಬೆಕ್ಕು ಕೋಳಿಯ ವಾಸನೆ ಹಿಡಿದು ಗೂಡಿನೊಳಕ್ಕೆ ಹೋಗಿ ಮೂಲೆಯಲ್ಲಿ ಮುದುಡಿತು.

“ಬಾ ತಾಯೀ, ಮಿಸ್ಸು ನನ್ನ ಬೆಂಚಿನ ಮೇಲೆ ನಿಲ್ಲಿಸ್ತಾರೆ” ಎಂದು ಕೀಲಿಯಣ್ಣ ಬಗ್ಗಿ ಒಳಹೊಕ್ಕ. ಅವಸರದಲ್ಲಿ ಕಾಲು ತಾಗಿ ಕಲ್ಲು ಜರುಗಿತು. ಬೆಕ್ಕು ಅವನ ಕೈ ತಪ್ಪಿಸಿ, ಬಾಗಿಲ ಸಂದಿಯಲ್ಲಿ ಬಾಣದಂತೆ ಹೊರಗೆ ಹಾರಿತು. ಬಾಗಿಲು ನಿಧಾನವಾಗಿ ವಾಲಿತು.

ಟಕ್.

ಜೇಬಿನಲ್ಲಿ ನಾಲ್ಕು ಕೀ: ಮೂರು ಬೀದಿಯವರದು, ಒಂದು ಇದೇ ಗೂಡಿನದು. ತೂತು ಹೊರಗೆ. ಪಕ್ಕದ ಮನೆ ಖಾಲಿ. ಟೈಲರಮ್ಮನ ಮನೆ ಖಾಲಿ. ಹಾಲಿನವಳಿಗೆ ವಾರವೆಲ್ಲ ಬರಬೇಡ ಎಂದಾಗಿದೆ. ಬೆಳಿಗ್ಗೆ ಡ್ಯೂಟಿ ಬಿಟ್ಟು ವಾಚ್‌ಮನ್ ಈ ದಾರಿಯಲ್ಲಿ ಬರುತ್ತಾನೆ, ನಿಜ. ಬಂದವನು ತೂಕ ಕೇಳದಿದ್ದರೆ ಸಾಕು. ಕೀಲಿಯಣ್ಣ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕೊನೆಗೆ ಕೋಲಿನ ಮೇಲೆ ಕೂತ. ಬೆಕ್ಕು ಹೊರಗೆ ಕೂತು ಅವನನ್ನೇ ನೋಡುತ್ತ ಮೀಸೆ ನೆಕ್ಕಿಕೊಂಡಿತು.

ಫೋನು ಗುಯ್ಗುಟ್ಟಿತು. ಮಗಳು ಕಳಿಸಿದ ಫೋಟೋ: ಕೆಂಪು ಸೂರ್ಯ, ಉದ್ದಕ್ಕೂ ನೀರು, ದಡದಲ್ಲಿ ಅವನ ಹುಲ್ಲಿನ ಟೋಪಿ ಮೇಲ್ಮುಖವಾಗಿ. ಟೋಪಿಯೊಳಗೆ ಇನ್ಸ್‌ಪೆಕ್ಟರ್ ಮೊಟ್ಟೆ ಇಡುವ ಗಾಂಭೀರ್ಯದಲ್ಲಿ ಕೂತಿತ್ತು. ಅದರ ಹಿಂದೆಯೇ ಹೆಂಡತಿಯ ಫೋನು.

“ಕೋಳಿಗಳಿಗೆ ಇಲ್ಲಿನ ಗಾಳಿ ಬಹಳ ಹಿಡಿಸಿದೆ ರೀ. ನೀವೇನು ಮಾಡ್ತಿದ್ದೀರಿ?”

“ಸುಮ್ನೆ ಕೂತಿದ್ದೀನಿ.”

“ಅವಸರದಲ್ಲಿ ಗೂಡಿನ ಬಾಗಿಲು ತೆಗೆದೇ ಬಂದ್ಬಿಟ್ಟೆ. ಮುಂಗುಸಿ ಸೇರ್ಕೊಂಡ್ರೆ ಕಷ್ಟ. ಹಾಕಿದ್ರಾ?”

“ಹಾಕಿದೆ.”

“ಸರಿಯಾಗಿ ಬಿದ್ದಿದೆ ತಾನೇ ಚಿಲಕ?”

ಕೀಲಿಯಣ್ಣ ಭುಜ ಕೊಟ್ಟು ಬಾಗಿಲನ್ನು ಒಮ್ಮೆ ನೂಕಿ ನೋಡಿದ. ಕೆಲಸ ಮಾತ್ರ ಅಚ್ಚುಕಟ್ಟಾಗಿತ್ತು.

“ಚೆನ್ನಾಗಿ ಬಿದ್ದಿದೆ” ಎಂದ.